ಇಬ್ಬರು ಕಂಡರೆ ಮಾತ್ರ ಹಕ್ಕಿ

ನಮ್ಮ ದೊಡ್ಡಪ್ಪ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಮೂವತ್ತು ವರ್ಷ ಕಳೆದವರು. ನಿವೃತ್ತರಾದ ಮೇಲೆ ಉಳಿದ ಅನುಮಾನವನ್ನೆಲ್ಲ ಯಾರ ಮೇಲೆ ಹಾಕುವುದೆಂದು ತಿಳಿಯದೆ ಹಕ್ಕಿಗಳ ಮೇಲೆ ಹಾಕಿದರು. ವಸಂತ ಬಂತೆಂದರೆ ಹಾಡುಹಕ್ಕಿಗಳು ಉತ್ತರಕ್ಕೆ ಮರಳುವ ದಾರಿಯಲ್ಲಿ ನಮ್ಮೂರಿನ ಅಂಚಿನ ಕಾಡಿನಲ್ಲಿ ನಾಲ್ಕೈದು ದಿನ ತಂಗುತ್ತವೆ. ಆಗ ಬೆಳಿಗ್ಗೆ ಆರಕ್ಕೆಲ್ಲ ದೊಡ್ಡಪ್ಪ ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಕಾಲುದಾರಿ ಹಿಡಿಯುತ್ತಾರೆ. ಅವರ ಹಿಂದೆ ಔಷಧಿ ಅಂಗಡಿಯವರು, ಡ್ರಿಲ್ ಮೇಷ್ಟ್ರು, ನಾನು. ಎಲ್ಲರಿಗಿಂತ ಹಿಂದೆ ಫ್ಲಾಸ್ಕ್ ಹಿಡಿದ ದೊಡ್ಡಮ್ಮ.

ತಂಡಕ್ಕೆ ಇರುವುದು ಒಂದೇ ಕಾನೂನು, ಮಾಡಿದವರು ದೊಡ್ಡಪ್ಪನೇ. ಇಬ್ಬರು ಕಂಡ ಹಕ್ಕಿ ಮಾತ್ರ ಪುಸ್ತಕಕ್ಕೆ ಏರಬೇಕು, ಅದರ ಮುಂದೆ ಇಬ್ಬರ ಸಹಿಯೂ ಬೀಳಬೇಕು. ಒಬ್ಬರೇ ಕಂಡದ್ದು ಕಂಡಂತಲ್ಲ. ಒಮ್ಮೆ ನಾನು ಜುಟ್ಟಿನ ಹಕ್ಕಿಯೊಂದನ್ನು ನೋಡಿದೆನೆಂದಾಗ ಅವರು "ಇನ್ನೊಬ್ಬರು ಯಾರು?" ಎಂದು ಕೇಳಿದ ಧಾಟಿಗೆ ನನ್ನ ಕೈ ತಾನಾಗಿ ಜೇಬಿಗೆ ಹೋಗಿತ್ತು.

ಇಷ್ಟು ಬಿಗಿಯಾದ ಮನುಷ್ಯನಿಗೆ ಒಂದೇ ಒಂದು ಕೊರಗು. ಕಿತ್ತಳೆ ಬಣ್ಣದ ಕೊರಳಿನ ಪುಟ್ಟ ಹಕ್ಕಿಯೊಂದು ವರ್ಷಕ್ಕೆ ಎರಡು ದಿನವಷ್ಟೇ ಇಲ್ಲಿ ಇಳಿಯುತ್ತದೆ. ಹನ್ನೆರಡು ವಸಂತ ಕಾದರೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಜ್ವರದಿಂದ ಮಲಗಿದ್ದ ಒಂದು ದಿನ ಮೇಷ್ಟ್ರೂ ಔಷಧಿ ಅಂಗಡಿಯವರೂ ಜೊತೆಗೇ ನೋಡಿಬಿಟ್ಟರು. ಕಾನೂನು ಕಾನೂನೇ ಅಲ್ಲವೇ? ಕಂಬಳಿ ಹೊದ್ದುಕೊಂಡೇ ಅದನ್ನು ಪುಸ್ತಕಕ್ಕೆ ಏರಿಸಿದವರು ದೊಡ್ಡಪ್ಪ. ಆ ಪುಟ ಈಗಲೂ ಅವರಿಗೆ ನುಂಗಲಾರದ ತುತ್ತು.

ಈ ವರ್ಷ ಅದು ಬಂತು. ನಾವು ಮೂವರು ಏನೋ ವಾದ ಮಾಡುತ್ತ ಮುಂದೆ ಹೋಗಿದ್ದೆವು. ಬಿದ್ದ ಮರದ ಹತ್ತಿರದ ತಿರುವಿನಲ್ಲಿ, ದೊಡ್ಡಪ್ಪನ ಎದುರಿಗೆ, ಕೈಗೆಟುಕುವ ಕೊಂಬೆಯ ಮೇಲೆ ಅದು ಕೂತು ಹಾಡತೊಡಗಿತು. ಕೂಗಿದರೆ ಹಾರಿಹೋಗುತ್ತದೆ, ಕೂಗದಿದ್ದರೆ ಸಾಕ್ಷಿ ಇಲ್ಲ. ಹಿಂದೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ ದೊಡ್ಡಮ್ಮನನ್ನು ಅವರು ಕೊಡೆಯ ತುದಿಯಿಂದ ಮೆಲ್ಲಗೆ ತಿವಿದರು. ಅವಸರ ಮಾಡುತ್ತಿದ್ದಾರೆಂದುಕೊಂಡ ಅವಳು, ಕಲ್ಲು ಸಿಕ್ಕಿಕೊಂಡಿದೆ, ಸ್ವಲ್ಪ ತಡೀರಿ ಎಂದು ಗಟ್ಟಿಯಾಗಿಯೇ ಗದರಿದಳು. ತಲೆ ಎತ್ತುವಷ್ಟರಲ್ಲಿ ಕೊಂಬೆ ಖಾಲಿ.

ನಾವು ಓಡಿ ಬಂದೆವು. ದೊಡ್ಡಪ್ಪನ ಮುಖ ನೋಡಲಾಗದೆ ಔಷಧಿ ಅಂಗಡಿಯವರು, ನಾವೂ ನೋಡಿದೆವೆಂದು ಬರೆದುಕೊಳ್ಳಿ, ಸಹಿ ಹಾಕುತ್ತೇವೆ ಎಂದರು. ದೊಡ್ಡಪ್ಪ ಕೆಂಡವಾದರು. "ಮೂವತ್ತು ವರ್ಷ ಎಲ್ಲರೂ ನನಗೆ ಟಿಕೆಟ್ ಪಕ್ಕದ ಬೋಗಿಯಲ್ಲಿ ಭಾವನ ಹತ್ರ ಇದೆ ಅಂತಾನೇ ಹೇಳ್ತಿದ್ರು. ಈಗ ನಾನೂ ಅದನ್ನೇ ಹೇಳಬೇಕಾ?"

ಮನೆಗೆ ಬಂದು ಊಟ ಬೇಡವೆಂದರು. ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ಕೂತರು. ಎಪ್ಪತ್ತರ ಹತ್ತಿರದ ಮನುಷ್ಯ ಇನ್ನೆಷ್ಟು ವಸಂತ ಕಾಯಬೇಕು? ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟರಲ್ಲಿ ದೊಡ್ಡಮ್ಮ ಚಹಾ ತಂದಿಟ್ಟು, ತರಕಾರಿ ಬೆಲೆ ಹೇಳುವಷ್ಟು ಸಲೀಸಾಗಿ ಒಂದು ಮಾತು ಹೇಳಿದಳು.

"ಏಳು ವರ್ಷದ ಹಿಂದೆ ನಾನೂ ಅದನ್ನ ನೋಡಿದ್ದೆ."

ದೊಡ್ಡಪ್ಪ ತಲೆ ಎತ್ತಿದರು. ಹೇಳಲೇ ಇಲ್ಲವಲ್ಲ ಎಂದರು.

"ಹೇಳಿದ್ದೆ. ಇನ್ನೊಬ್ಬರು ಯಾರು ಅಂದ್ರಿ. ಆಮೇಲೆ ಹೇಳೋದೇ ಬಿಟ್ಟೆ."

ದೊಡ್ಡಪ್ಪನಿಗೆ ಹಳೆಯ ಕಸುಬು ಮೈಮೇಲೆ ಬಂತು. ಕೊರಳಿನ ಬಣ್ಣವನ್ನು ಯಾರು ಬೇಕಾದರೂ ಹೇಳಬಹುದು, ಬೇರೆ ಏನಾದರೂ ಗುರುತು ಹೇಳು ಎಂದು ಸವಾಲು ಹಾಕಿದರು.

"ಹಾಡೋವಾಗ ಎರಡೂ ರೆಕ್ಕೆ ಕೆಳಗೆ ಬಿಟ್ಟು ಅಲ್ಲಾಡಿಸತ್ತೆ. ಎರಡು ಜೇಬಲ್ಲೂ ಏನೋ ಹುಡುಕ್ತಿರೋರ ಥರ."

ದೊಡ್ಡಪ್ಪ ಪೆನ್ನು ಕೆಳಗಿಟ್ಟರು. ಬೆಳಿಗ್ಗೆ ಅದು ಮಾಡಿದ್ದು ಅದನ್ನೇ, ಆದರೆ ಯಾರಿಗೂ ಹೇಳಿಲ್ಲ ಎಂದು ನನಗೆ ಪಿಸುಗುಟ್ಟಿದರು. ಆಮೇಲೆ ಮೊದಲ ಪುಟ ತಿರುವಿ ತಾವೇ ಬರೆದ ಕಾನೂನನ್ನು ಬೆರಳಿಟ್ಟು ಓದಿದರು. ಇಬ್ಬರು ಕಂಡಿರಬೇಕು ಎಂದಿತ್ತು, ಒಂದೇ ದಿನ ಕಾಣಬೇಕು ಎಂದು ಎಲ್ಲಿಯೂ ಇರಲಿಲ್ಲ. ನಿಯಮದಲ್ಲಿ ಲೋಪ ಸಿಕ್ಕ ಟಿಕೆಟಿಲ್ಲದ ಪ್ರಯಾಣಿಕನಿಗೂ ಅಷ್ಟು ಖುಷಿ ಆಗಿರಲಾರದು.

ಮೊದಲು ಕಂಡವಳು ನೀನು, ಮೊದಲ ಸಹಿ ನಿನ್ನದೇ ಎಂದು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಆ ಪುಸ್ತಕದಲ್ಲಿ ಅವಳ ಸಹಿ ಒಂದೂ ಇಲ್ಲವೆಂಬುದು ಆಗಲೇ ನಮ್ಮಿಬ್ಬರಿಗೂ ಹೊಳೆದದ್ದು. ಅವಳು ಕೈ ಒರೆಸಿಕೊಂಡು ನಿಧಾನವಾಗಿ ಸಹಿ ಹಾಕಿದಳು. ಕೆಳಗೆ ದೊಡ್ಡಪ್ಪ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ ಕೇಳಿದರು.

"ಈ ಏಳು ವರ್ಷದಲ್ಲಿ ಇನ್ನೇನೇನು ನೋಡಿದೀಯ?"

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತಳು.

"ಮೊದಲು ಚಹಾ ಕುಡೀರಿ," ಅಂದಳು. "ಆ ಪುಸ್ತಕ ಸಾಲಲ್ಲ."