ಬೋರಲು ಹಾಕಬಾರದ ವಸ್ತು

ಹಾರನ್ ಕೆಟ್ಟ ಕಾರೊಂದು ವಿಜಯಪುರದ ನಮ್ಮ ಮನೆ ಪಕ್ಕದ ನನ್ನ ರಿಪೇರಿ ಶೆಡ್ಡಿಗೆ ಬಂದಿತ್ತು. ಹಾರನ್ನಿನ ವೈರು ನೋಡಲು ಸ್ಟೀರಿಂಗ್ ಬಿಚ್ಚಬೇಕಾದರೆ ಮೊದಲು ಅದರ ನಡುವಿನ ಏರ್‌ಬ್ಯಾಗ್ ತೆಗೆಯಬೇಕು. ಬ್ಯಾಟರಿ ವೈರು ಕಳಚಿ, ಒಳಗೆ ಉಳಿದ ಕರೆಂಟು ಇಳಿಯಲಿ ಎಂದು ಕಾಲು ಗಂಟೆ ಕಾದೆ. ಆಮೇಲೆ ಅದನ್ನು ಮೈಯಿಂದ ದೂರ ಹಿಡಿದು ತಂದು, ಚೀಲ ಬಿಚ್ಚಿಕೊಳ್ಳುವ ಮುಖ ಮೇಲಿರುವಂತೆ ಮೇಜಿನ ಮೇಲಿಟ್ಟೆ. ಹಾಗಿಟ್ಟರೆ ಸಿಡಿದರೂ ಚೀಲ ಮೇಲಕ್ಕೆ ಉಬ್ಬುತ್ತದೆ, ಅಷ್ಟೇ. ಮುಖ ಕೆಳಗಾಗಿದ್ದರೆ ಚೀಲದ ಹಿಂದಿನ ಲೋಹದ ಡಬ್ಬಿ ಸಮೇತ ಇಡೀ ಏರ್‌ಬ್ಯಾಗೇ ಗುಂಡಿನಂತೆ ಮೇಲಕ್ಕೆ ಹಾರುತ್ತದೆ.

ಕೈ ತೊಳೆದು ಬರುವಷ್ಟರಲ್ಲಿ ಏರ್‌ಬ್ಯಾಗ್ ಬೋರಲಾಗಿತ್ತು. ಒಂದು ಕೈಯಲ್ಲಿ ನನ್ನ ಕಾಫಿ ಹಿಡಿದಿದ್ದ ಅಮ್ಮ ಅದರ ಮೇಲೆಯೇ ಬಗ್ಗಿ ಮೇಜು ಒರೆಸುತ್ತಿದ್ದಳು.

"ಅಮ್ಮಾ, ಹಿಂದಕ್ಕೆ ಬಾ!"

ಕಾಫಿ ತುಳುಕಿತು. "ಯಾಕೋ ಹಂಗೆ ಕಿರುಚ್ತೀಯ? ಧೂಳು ಬೀಳ್ತದೆ ಅಂತ ಬೋರ್ಲು ಹಾಕ್ದೆ ಕಣೋ. ಪಾತ್ರೆ ತೊಳ್ದು ಹಾಕಲ್ವಾ, ಹಂಗೆ."

ತೋಳು ಹಿಡಿದು ಅವಳನ್ನು ಬಾಗಿಲಾಚೆ ನಿಲ್ಲಿಸಿ ಬಂದೆ. ತಲೆಯನ್ನು ಆದಷ್ಟು ಹಿಂದಕ್ಕೆ ಸರಿಸಿ, ಉಸಿರು ಬಿಗಿಹಿಡಿದು, ಎರಡೂ ಕೈಯಲ್ಲಿ ಅದನ್ನು ಮೆಲ್ಲಗೆ ತಿರುವಿಟ್ಟೆ. ಏನೂ ಆಗಲಿಲ್ಲ. ಆಗುವ ಸಂಭವವೂ ಕಡಿಮೆಯೇ. ಆದರೂ ನನಗೆ ಸಿಟ್ಟು ಬಂತು. ಅದರೊಳಗೆ ಸಿಡಿಮದ್ದಿದೆ, ಡಿಕ್ಕಿಯಾದಾಗ ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬಿಸುವುದು ಅದೇ ಎಂದು ರೇಗುತ್ತಲೇ ಹೇಳಿದೆ.

ಅಮ್ಮ ಬಾಗಿಲಾಚೆಯಿಂದಲೇ ಕಾಫಿ ಲೋಟವನ್ನು ನನ್ನತ್ತ ಚಾಚಿದಳು.

"ನಾನು ಒಂದ್ಸಲ ಮುಟ್ಟಿದ್ದಕ್ಕೆ ಇಷ್ಟು ಕಿರುಚ್ದೆ. ನೀನು ದಿನಾ ಮುಟ್ತೀಯಲ್ಲ, ನಾನೆಷ್ಟು ಕಿರುಚ್ಬೇಕು?"