ಖಂಡೆಪ್ಪ ಮಿಸ್ತ್ರಿಯ ಕೈಗುಣ

೧೯೫೭ರ ಸುಮಾರಿಗೆ ಮೂಡಲಗಿಯ ಖಂಡೆಪ್ಪ ಮಿಸ್ತ್ರಿ ಒಂದು ಲಾರಿಯನ್ನು ಸತ್ತಿದೆ ಎಂದರೆ ಅದು ಸತ್ತಂತೆಯೇ. ಗೋಕಾಕದಿಂದ ಹುಕ್ಕೇರಿಯವರೆಗೆ ಬೆಲ್ಲ ಸಾಗಿಸುವ ಲಾರಿಯವರು ಅವನ ಮಾತಿನ ಮೇಲೆ ಎಂಜಿನ್ ಬಿಚ್ಚಿಸುತ್ತಿದ್ದರು, ಇಲ್ಲವೇ ಗುಜರಿಗೆ ಹಾಕುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯಿಂದ ಹರಾಜಿಗೆ ಬಂದಿದ್ದ ಒಂದು ಹಳೆಯ ಲಾರಿಗೂ ಅವನು ಹಾಗೆಯೇ ತೀರ್ಪು ಕೊಟ್ಟ: "ಇದರ ಎಂಜಿನ್ ಮುಗೀತ್ರಿ. ತೂಕಕ್ಕ ಹಾಕ್ರಿ."

ಅದನ್ನು ತೂಕಕ್ಕೆ ಕೊಂಡವನು ಬೀರಸಿದ್ದಪ್ಪ. ವರ್ಷಗಟ್ಟಲೆ ಖಂಡೆಪ್ಪನ ಕೈಕೆಳಗೆ ದುಡಿದು, ಹೋದ ದೀಪಾವಳಿಗೆ ಬೇರೆ ನಿಂತವನು. ಗುರುವಿನ ಅಂಗಡಿಯ ಎದುರಿಗೇ, ಬೇವಿನ ಮರದ ಕೆಳಗೆ, ಎಂಜಿನ್ ಇಳಿಸಿಕೊಂಡು ಕೂತ.

ಆಮೇಲೆ ಖಂಡೆಪ್ಪನ ಕಣ್ಣು ತನ್ನ ಕೆಲಸದ ಮೇಲೆ ನಿಲ್ಲಲಿಲ್ಲ. ಹೊಸ ಸಾಮಾನು ತರುವ ತಾಕತ್ತು ಬೀರಸಿದ್ದಪ್ಪನಿಗಿರಲಿಲ್ಲ. ಬೇರೊಂದು ಲಾರಿಯ ಪಿಸ್ಟನ್ ರಿಂಗುಗಳನ್ನು ಅರದಿಂದ ಉಜ್ಜಿ ಕೂಡಿಸಿದ. ಬೇರಿಂಗು ಕೂಡುವ ದಂಡಕ್ಕೆ ಹರಳೆಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆ ಸವರಿ, ಬೇರಿಂಗಿನಲ್ಲಿ ಕಪ್ಪು ಹತ್ತಿದ ಉಬ್ಬುಗಳನ್ನಷ್ಟೇ ಕೆರೆದು, ಮತ್ತೆ ಸವರಿ ಮತ್ತೆ ಕೆರೆದ. ಎಣ್ಣೆ ಸೋರುವ ಜಾಗಕ್ಕೆ ಮನೆಯ ಹಳೇ ಕಂಬಳಿಯ ತುಂಡು ಬಿಗಿದ.

"ಏನಲೇ, ಎಂಜಿನ್ನಿಗೆ ಥಂಡಿ ಹತ್ತೇತೇನು? ಕಂಬಳಿ ಹೊಚ್ಚಾಕತ್ತೀ!" ಎಂದು ಖಂಡೆಪ್ಪ ಅಂಗಡಿಯಿಂದಲೇ ಕೂಗಿದ.

ಚಹಾ ಕುಡಿಯುತ್ತಿದ್ದವರು ನಕ್ಕರು. ಬೀರಸಿದ್ದಪ್ಪನೂ ನಕ್ಕ. ಆ ನಗು ಖಂಡೆಪ್ಪನಿಗೆ ಸೇರಲಿಲ್ಲ. ಬೇರಿಂಗು ಕೆರೆಯುವುದನ್ನು ತಾನೇ ಕಲಿಸಿದ್ದ, ಸರಿ. ಕಂಬಳಿಯ ಉಪಾಯ ಮಾತ್ರ ತಾನು ಕಲಿಸಿದ್ದಲ್ಲ.

ಎಂಜಿನ್ ಲಾರಿಗೆ ಏರಿದ ದಿನ ಬೀರಸಿದ್ದಪ್ಪ ತೆಂಗಿನಕಾಯಿ ಹಿಡಿದು ಬಂದ. ಶಿಷ್ಯನ ಮೊದಲ ಎಂಜಿನ್ನಿಗೆ ಗುರುವೇ ಹ್ಯಾಂಡಲ್ ಹೊಡೆದು ಚಾಲೂ ಮಾಡಬೇಕೆಂಬುದು ಅಲ್ಲಿನ ಮಿಸ್ತ್ರಿಗಳ ಪದ್ಧತಿ.

"ನಿಮ್ಮ ಕೈಗುಣ ಬೇಕ್ರಿ ಕಾಕಾ."

ಒಲ್ಲೆ ಎನ್ನಲಾಗದೆ ಖಂಡೆಪ್ಪ ಹೋದ. ಚಾಲೂ ಆಗದಿದ್ದರೆ ತನ್ನ ಮಾತು ಉಳಿಯಿತು, ಚಾಲೂ ಆಯಿತೆಂದರೆ ಊರೆದುರು ಸುಳ್ಳಾಯಿತು. ಹ್ಯಾಂಡಲ್ ತಿರುವಿದ. ಎಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಹದವಾಗಿ ಓಡತೊಡಗಿತು. ಖಂಡೆಪ್ಪ ಬಗ್ಗಿ ಕಿವಿಗೊಟ್ಟು ದೋಷ ಹುಡುಕಿದ. ಒಂದೂ ಸಿಗಲಿಲ್ಲ.

"ಮೂರನೇ ಟ್ಯಾಪೆಟ್ ಬಡಿಯಾಕತ್ತೈತಿ," ಎಂದ.

ಬೀರಸಿದ್ದಪ್ಪ ಎಂಜಿನ್ ನಿಲ್ಲಿಸಿ, ವಾಲ್ವುಗಳನ್ನು ಎತ್ತುವ ಟ್ಯಾಪೆಟ್ಟುಗಳ ಮುಚ್ಚಳ ಬಿಚ್ಚಿ, ನಟ್ ತಿರುವುವ ಪಾನಾ ಒರೆಸಿ ಗುರುವಿನ ಕೈಗೆ ಕೊಟ್ಟ. "ನನಗ ಕೇಳ್ಲಿಲ್ರಿ. ನೀವ ಕೂಡಿಸಿ ಕೊಡ್ರಿ."

ಆಡಿದ ಮಾತು ಖಂಡೆಪ್ಪನ ಕೊರಳಿಗೇ ಸುತ್ತಿಕೊಂಡಿತು. ನಟ್ ಅರ್ಧ ಸುತ್ತು ಸಡಿಲ ಬಿಟ್ಟರೆ ಟ್ಯಾಪೆಟ್ ಖರೇನೇ ಬಡಿಯುತ್ತಿತ್ತು. ಆದರೆ ತಾನು ಮುಟ್ಟಿದ ಎಂಜಿನ್ ಮಂದಿಯೆದುರು ಬಡಿಯುವುದು ಅವನಿಗೆ ಬೇಡವಾಗಿತ್ತು. ನಟ್ ಸಡಿಲಿಸಿದ, ಇದ್ದ ಅಳತೆಗೇ ಮತ್ತೆ ಬಿಗಿದ.

ಎರಡನೇ ಸಲವೂ ಸಪ್ಪಳ ಮೊದಲಿನಂತೆಯೇ ಇತ್ತು. "ಈಗ ನೋಡ್ರಿ, ಬೆಣ್ಣಿ ಹಂಗ ಓಡಾಕತ್ತೈತಿ!" ಎಂದ ಚಹಾ ಅಂಗಡಿಯ ಪರಸಪ್ಪ. "ಕೈಗುಣ ಅಂದ್ರ ಇದು!" ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಬೀರಸಿದ್ದಪ್ಪನೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಯಲ್ಲಕ್ಕನ ಬಾಯಲ್ಲೂ ಅದೇ ಸುದ್ದಿ. "ಸತ್ತ ಎಂಜಿನ್ ಎಬ್ಬಿಸೀರಂತಲ್ರಿ?"

ಖಂಡೆಪ್ಪ ರೊಟ್ಟಿ ಕೆಳಗಿಟ್ಟ. "ಅದರಾಗ ಏನೂ ಕೆಟ್ಟಿರ್ಲಿಲ್ಲ. ಎಲ್ಲಾ ಅವನ ಕೆಲಸ."

"ಶಿಷ್ಯನ್ನ ಹಿಂಗ ಹೊಗಳಬೇಕ ನೋಡ್ರಿ. ದೊಡ್ಡ ಮನಸ್ಸು ನಿಮ್ಮದು."

"ನಾ ಹೊಗಳಾಕತ್ತಿಲ್ಲ!" ಎಂದು ಖಂಡೆಪ್ಪ ತಾಟು ಸರಿಸಿ ಎದ್ದ.