ಗವಿಸಿದ್ದೇಶ್ ಸರ್ ಕೊಡುತ್ತಿದ್ದ ಪುಡಿ

ಕೊಟ್ಟೂರಿನ ಒಂದು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಹೇಳುತ್ತಿದ್ದೆ, ಗವಿಸಿದ್ದೇಶ್ ಸರ್ ಬಯಾಲಜಿ. ಅವರ ಮನೆಯ ಮುಂದಿನ ಕೋಣೆಗಳಲ್ಲೇ ನನ್ನ ಬಾಡಿಗೆ ವಾಸ. ಹಾಗಾಗಿ ಆ ಮನುಷ್ಯನ ಎರಡೂ ಮುಖ ನೋಡುವ ಭಾಗ್ಯ ನನ್ನದಾಯಿತು. ಎಂಥ ಭಾಗ್ಯ!

ಪಾಠ ಮಾತ್ರ ಬಲು ಚೆನ್ನಾಗಿ ಮಾಡುತ್ತಿದ್ದರು. ನನ್ನ ಹೊಟ್ಟೆ ಉರಿಸುತ್ತಿದ್ದುದೇ ಅದು. ದಡ್ಡನಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡಬಹುದಿತ್ತು. ಭ್ರೂಣದ ಪಾಠ ಬಂತೆಂದರೆ ಮನೆಯಿಂದ ಬಣ್ಣಬಣ್ಣದ ಟವೆಲ್ಲು ತರುತ್ತಿದ್ದರು. ಗರ್ಭ ಕಟ್ಟಿದ ಮೂರನೆಯ ವಾರ, ಅಂದರೆ ಮುಟ್ಟು ತಪ್ಪಿದ್ದು ಆಗಷ್ಟೇ ಗೊತ್ತಾಗುವ ಹೊತ್ತಿಗೆ, ಭ್ರೂಣ ಇನ್ನೂ ಒಂದು ಚಪ್ಪಟೆ ಬಿಲ್ಲೆ. ಅದರ ಮೇಲೆ ನಡುವೆ ಒಂದು ಗೆರೆ ಮೂಡುತ್ತದೆ. ಮೇಲಿನ ಜೀವಕೋಶಗಳು ಗೆರೆಯತ್ತ ಸರಿದು ಬಂದು ಒಳಗಿಳಿಯುತ್ತವೆ. ಮೊದಲು ಇಳಿದವು ತಳದಲ್ಲಿ ಹರಡಿ ಒಳಪದರವಾಗುತ್ತವೆ. ಮುಂದೆ ಕರುಳಿನ ಒಳಗೋಡೆ, ಯಕೃತ್ತು ಬರುವುದು ಅದರಿಂದ. ಆಮೇಲೆ ಇಳಿದವು ನಡುಪದರ. ಎಲುಬು, ಗುಂಡಿಗೆ, ರಕ್ತ ಅದರವು. ಇಳಿಯದೆ ಮೇಲೇ ಉಳಿದದ್ದು ಹೊರಪದರ. ಚರ್ಮವೂ ಅದೇ, ಮೆದುಳೂ ಅದೇ. ಪದರಕ್ಕೊಂದು ಟವೆಲ್ಲು ಹಾಸಿ, ಮಡಚಿ ತೋರಿಸಿ, ಕೊನೆಗೆ ಕನ್ನಡಕ ತೆಗೆದು ಹೇಳುತ್ತಿದ್ದರು: "ನೆನಪಿಡ್ರಿ, ಪದರ ಮೂಡೋ ಹೊತ್ತಿನಾಗ ತಾಯಿ ಹೊಟ್ಟಿಗೆ ಕಂಡಕಂಡ ಔಷಧ ಬೀಳಬಾರದು. ಇಲ್ಲಿ ತಪ್ಪಿದ್ದು ಮುಂದ ತಿದ್ದಾಕ ಬರಲ್ಲ. ಗಂಡೋ ಹೆಣ್ಣೋ ಅನ್ನೋದಂತೂ ಅದಕ್ಕೂ ಮೊದಲ ತೀರ್ಮಾನ ಆಗಿರ್ತೈತಿ."

ಅದೇ ಬಾಯಿ ಭಾನುವಾರ ಬೆಳಿಗ್ಗೆ ಬೇರೆ ಮಾತಾಡುತ್ತಿತ್ತು. ಅಜ್ಜನ ಕಾಲದಿಂದ ಆ ಮನೆಯಲ್ಲಿ ಗಂಡು ಮಗುವಿಗೆ ಔಷಧ ಕೊಡುತ್ತಿದ್ದರು. ಮುಟ್ಟು ನಿಂತ ಕೂಡಲೇ ಬರಬೇಕು, ಬರಿಹೊಟ್ಟೆಯಲ್ಲಿರಬೇಕು, ಗಂಡು ಕರು ಹಾಕಿದ ಆಕಳ ಹಾಲು ತರಬೇಕು. ಯಾವುದೋ ಬೇರು, ಯಾವುದೋ ಭಸ್ಮ ಅರೆದ ಕರಿ ಪುಡಿಯನ್ನು ಆ ಹಾಲಿನಲ್ಲಿ ಕದಡಿ, ಮೂಡಲಕ್ಕೆ ಮುಖ ಮಾಡಿ ನುಂಗಬೇಕು. ಗಂಡು ಹುಟ್ಟಿದರೆ ಸರ್ ಕೈಗುಣ. ಹೆಣ್ಣು ಹುಟ್ಟಿದರೆ ಹಾಲು ಸರಿಯಿರಲಿಲ್ಲ. ಕೂಸಿನ ಕೈಕಾಲು ಸೊಟ್ಟಗಿದ್ದರೆ ಹಡೆದವಳ ಕರ್ಮ. ಆಹಾ, ಎಂದೂ ಸೋಲದ ಪಂಡಿತರು!

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ಕ್ಲಾಸಿನ್ಯಾಗ ಹಂಗ ಹೇಳ್ತೀರಿ, ಮನ್ಯಾಗ ಹಿಂಗ ಮಾಡ್ತೀರಲ್ರಿ ಸರ್?"

"ಅದು ಸಿಲಬಸ್ ಮೇಡಂ, ಇದು ಮನಿತನ," ಎಂದು ನಕ್ಕರು. ನಾಚಿಕೆಯ ಸುಳಿವೂ ಇರಲಿಲ್ಲ.

ತೊಂಬತ್ತೆಂಟರ ಬೇಸಿಗೆಯ ಒಂದು ಭಾನುವಾರ. ನಾನು ಅಂಗಳದ ನಳದಲ್ಲಿ ಕೊಡ ಹಿಡಿದಿದ್ದೆ. ತಂಬ್ರಹಳ್ಳಿಯ ಮೈಲಮ್ಮ ಹಾಲಿನ ಚಂಬು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಎರಡು ಹೆಣ್ಣು ಹಡೆದವಳು. ಮೂರನೆಯದೂ ಹೆಣ್ಣಾದರೆ ಮಗನಿಗೆ ಇನ್ನೊಂದು ಮದುವೆ ಎಂದು ಅತ್ತೆ ಹೇಳಿ ಕಳಿಸಿದ್ದಳಂತೆ. ಸರ್ ತಗಡಿನ ಡಬ್ಬಿ ತೆಗೆದು ಪುಡಿಯ ಪೊಟ್ಟಣ ಅವಳ ಕೈಗಿಟ್ಟರು. "ಬ್ಯಾಡವ್ವ, ಆ ಹಾಳು ಪುಡಿ ನುಂಗಬ್ಯಾಡ," ಎಂದೆ ನಾನು. "ನೀವು ನನ್ನ ಮನಿ ಉಳಿಸ್ತೀರೇನ್ರಿ ಅಮ್ಮಾರ?" ಎಂದಳು.

ಅಷ್ಟರಲ್ಲಿ ಹರಪನಹಳ್ಳಿಯಿಂದ ಸರ್ ಮಗಳು ಗಂಗಾಂಬಿಕಾ ಬಂದಳು, ಜೊತೆಗೆ ಅವಳ ಅತ್ತೆ ಕಲ್ಯಾಣಮ್ಮ. ಮಗಳಿಗೂ ಮುಟ್ಟು ನಿಂತು ವಾರವಾಗಿತ್ತು.

"ಊರಿಗೆಲ್ಲ ಕೊಡ್ತೀರಲ್ರಿ ಬೀಗರೇ, ನಮ್ಮ ಸೊಸಿಗೂ ಕೊಡ್ರಿ," ಎಂದರು ಕಲ್ಯಾಣಮ್ಮ.

ಸರ್ ಡಬ್ಬಿಯ ಮುಚ್ಚಳ ಹಾಕಿಬಿಟ್ಟರು. ಬೀಗಿತಿಯ ಮುಂದೆ ಇಲ್ಲ ಅನ್ನುವಂತಿಲ್ಲ. ಕೈಯಲ್ಲೇ ಇದ್ದ ಡಬ್ಬಿಯನ್ನು ಬಿಟ್ಟು ಅಡುಗೆಮನೆಗೆ ಹೋಗಿ, ಅಷ್ಟೇ ಕರಿಯ ಪುಡಿಯ ಒಂದು ಪೊಟ್ಟಣ ಕಟ್ಟಿಕೊಂಡು ಬಂದರು. ಗಂಗಾಂಬಿಕಾ ಅಪ್ಪನ ಕ್ಲಾಸಿನಲ್ಲಿ ಕೂತು ಕಲಿತವಳು, ಆ ಡಬ್ಬಿ ನೋಡಿಕೊಂಡೇ ಬೆಳೆದವಳು. ಪೊಟ್ಟಣ ಬಿಚ್ಚಿ ಚಿಟಿಕೆ ಪುಡಿ ನಾಲಿಗೆಗೆ ಹಚ್ಚಿಕೊಂಡಳು.

"ಅಪ್ಪಾ, ಇದು ಗುರೆಳ್ಳು ಚಟ್ನಿಪುಡಿ. ಆಕಿಗೆ ಕೊಟ್ಟದ್ದನ್ನ ನನಗ ಯಾಕ ಕೊಡ್ಲಿಲ್ಲ?"

"ಸುಮ್ನಿರು, ಗಂಗಾ."

"ಯಾಕ ಅಂತ ಹೇಳು."

"ಇದು ಮೂರನೇ ವಾರಲೇ! ಪದರ ಮೂಡೋ ಹೊತ್ತು! ಅದು ಒಳಗ ಹೋದ್ರ ಕೂಸು ಏನಾಕ್ಕೈತಿ ಅಂತ ನಿನಗ ಗೊತ್ತಿಲ್ಲೇನು?" ಎಂದು ಕಿರುಚಿದರು. ಕಿರುಚಿದ ಮೇಲೆ ಮೈಲಮ್ಮನ ಕಡೆ ನೋಡಿದರು.

ಥೂ! ಗೊತ್ತಿತ್ತು ಈ ಮನುಷ್ಯನಿಗೆ. ಪ್ರತಿ ಭಾನುವಾರವೂ ಗೊತ್ತಿತ್ತು.

ಮೈಲಮ್ಮನಿಗೆ ಪದರವೂ ತಿಳಿಯದು, ವಾರವೂ ತಿಳಿಯದು. ಆದರೆ ಚಂಬು ಪಕ್ಕಕ್ಕಿಟ್ಟು ಎದ್ದಳು. ತನ್ನ ಕರಿ ಪುಡಿಯನ್ನು ಸರ್ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಇದನ್ನ ನೀವ ಇಟ್ಕೊಳ್ರಿ ಸರ. ನಾನೂ ಊರಿಗೆ ಹೋಗಿ ಅತ್ತಿ ಮುಂದ ಪುಡಿ ನುಂಗಿ ಬಂದೆ ಅನ್ಬೇಕು. ನಿಮ್ಮ ಮಗಳಿಗೆ ಕೊಟ್ರಲ್ಲ, ಆ ಪುಡಿನ ಕೊಡ್ರಿ."